ಲಕ್ಷ್ಮಕ್ಕನ ಹೆಸರು

ಕಲ್ಲೇಶಪ್ಪನವರು ತೀರಿಕೊಂಡ ದಿನ ಚಳ್ಳಕೆರೆಯ ಅರ್ಧಕ್ಕರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ಎಣ್ಣೆ ಮಿಲ್ಲಿನ ಒಡೆಯರು, ಹೈಸ್ಕೂಲು, ಹಾಸ್ಟೆಲು ಕಟ್ಟಿಸಿದವರು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನಿಂದ ಕೈಮುಗಿದ ಚಿತ್ರಗಳೇ. 'ನೂರಾರು ಮಕ್ಕಳ ಅನ್ನದಾತರು' ಎಂದು ಯಾರೋ ಬರೆದರು. ಸಮಾಜ ವಿಜ್ಞಾನದ ಶಿಕ್ಷಕಿ ದಾಕ್ಷಾಯಿಣಿ ಅದನ್ನು ಎರಡು ಸಲ ಓದಿ, ಟೀ ಲೋಟ ಕೆಳಗಿಟ್ಟು ಬರೆದಳು: 'ಅವರ ಆತ್ಮಕ್ಕೆ ಶಾಂತಿ ಸಿಗಲಿ. ಆದರೆ ಹಾಸ್ಟೆಲಿನ ಅಡುಗೆಯ ಲಕ್ಷ್ಮಕ್ಕನ ಕೈಯೂಟ ಬೇಡವೆಂದು ಕೆಲವು ಪೋಷಕರು ಜಾತಿ ಎತ್ತಿದಾಗ, ಸಭೆ ಕರೆದು ಅವಳನ್ನು ಕೆಲಸದಿಂದ ಬಿಡಿಸಿದವರೂ ಇವರೇ. ಆ ಸಭೆಯಲ್ಲಿ ನಾನೂ ಇದ್ದೆ, ಬಾಯಿ ಬಿಡಲಿಲ್ಲ.'

ಹೆಣ ಇನ್ನೂ ಅಂಗಳದಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಸಾಲುಗಳು ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿದ್ದವು. ಸೋಮವಾರ ಅವಳ ಕೈಗೆ ಅಮಾನತಿನ ಪತ್ರ ಬಂತು.

ಹನ್ನೊಂದು ವರ್ಷ ಬುತ್ತಿ ಹಂಚಿಕೊಂಡು ಉಂಡ ಗಣಿತದ ನಿರ್ಮಲಾ ಒಂದೇ ಸಲ ಫೋನ್ ಮಾಡಿದಳು.

"ನೀನ್ ಬರ್ದಿದ್ದು ಸುಳ್ಳಲ್ಲ ಕಣೆ. ಆದ್ರೆ ಹೆಣ ಮುಂದಿಟ್ಕೊಂಡು ಹೇಳೋ ಮಾತಾ ಅದು? ಇನ್ಮೇಲೆ ನಂಗೆ ಫೋನ್ ಮಾಡ್ಬ್ಯಾಡ. ನಾನೂ ಕೆಲ್ಸ ಉಳಿಸ್ಕೋಬೇಕು."

ಒಂಟಿಯಾಗಿ ಬಾಡಿಗೆ ಮನೆಯಲ್ಲಿದ್ದ ದಾಕ್ಷಾಯಿಣಿಗೆ ಶಾಲೆಯೇ ಸಂಸಾರವಾಗಿತ್ತು. ಈಗ ಬೆಳಗಾದರೆ ಹೋಗಲು ಜಾಗವಿಲ್ಲ. ಒಂದು ಸಂಜೆ ಹಾಲಿನ ಅಂಗಡಿಯಲ್ಲಿ 'ಅರ್ಧ ಲೀಟರ್' ಅಂದಳು. ಆ ದಿನ ಬಾಯಿಂದ ಬಂದ ಮೊದಲ ಮಾತು ಅದೇ ಎಂದು ಆಗ ಹೊಳೆಯಿತು.

ತನ್ನನ್ನು ಕಂಡು ಖುಷಿಪಡುವ ಜೀವವಿದ್ದರೆ ಅದು ಲಕ್ಷ್ಮಕ್ಕ ಎಂದುಕೊಂಡು ಅವಳ ಊರು ದೊಡ್ಡಉಳ್ಳಾರ್ತಿಯ ಬಸ್ಸು ಹತ್ತಿದಳು. ಲಕ್ಷ್ಮಕ್ಕ ಕುರ್ಚಿ ಹಾಕಿದಳು, ನೀರು ಕೊಟ್ಟಳು. ತಾನು ಮಾತ್ರ ನಿಂತೇ ಇದ್ದಳು.

"ನನ್ ಹೆಸ್ರು ಯಾಕ್ ಬರದ್ರಿ ಮೇಡಂ?"

"ನಿಂಗೆ ಅನ್ಯಾಯ ಆಗಿತ್ತಲ್ಲ."

"ಆಗಿತ್ತು. ಆವತ್ತು ನೀವು ಒಳಗೆ ಕೂತಿದ್ರಿ, ನಾನು ಬಾಗ್ಲಾಗೆ ನಿಂತಿದ್ದೆ. ಆವಾಗ ಒಂದ್ ಮಾತು ಅಂದಿದ್ರೆ ನಂಗೆ ಉಪಯೋಗ ಆಗ್ತಿತ್ತು. ಈಗ ಮಿಲ್ಲಾಗೆ ಶೇಂಗಾ ಆರ್ಸೋಕೂ ಬರಬ್ಯಾಡ ಅಂದವ್ರೆ. ನಾನೇ ಹೇಳಿ ಬರ್ಸೀನಿ ಅಂತಾರೆ."

ದಾಕ್ಷಾಯಿಣಿ ನೀರಿನ ಲೋಟ ಕೆಳಗಿಟ್ಟಳು.

"ಹೇಳಿಲ್ಲ ಅಂತ ಬರ್ದ್ ಕೊಡು. ಅದು ನಿಜಾನೇ ಅಲ್ವಾ."

"ನಿಮ್ಗೆ ತೊಂದ್ರೆ ಆಗಲ್ವಾ?"

"ಆಗೋದು ಆಗೈತೆ."

ಚೀಲದಿಂದ ಹಾಳೆ ತೆಗೆದು ದಾಕ್ಷಾಯಿಣಿಯೇ ಬರೆದಳು: ಟೀಚರು ನನ್ನನ್ನು ಕೇಳದೆ ನನ್ನ ಹೆಸರು ಹಾಕಿದ್ದಾರೆ, ನನಗೂ ಅದಕ್ಕೂ ಸಂಬಂಧವಿಲ್ಲ. ಲಕ್ಷ್ಮಕ್ಕ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಬಸ್ಸಿನವರೆಗೆ ಬರುತ್ತೇನೆ ಅನ್ನಲಿಲ್ಲ. ಕಾವಲಿನ ಹುಲ್ಲುಗಾವಲಿಗೆ ಹಾಕಿದ್ದ ಉದ್ದನೆಯ ಕಾಂಪೌಂಡಿನ ಪಕ್ಕ ದಾಕ್ಷಾಯಿಣಿ ಒಬ್ಬಳೇ ನಡೆದು ಬಂದಳು.

ವಾರದ ನಂತರ ಹೆಡ್‌ಮಾಸ್ಟರ್ ತಿಪ್ಪೇರುದ್ರಪ್ಪ ಕರೆಸಿದರು. ಮೇಜಿನ ಮೇಲೆ ಅದೇ ಹಾಳೆ.

"ನೋಡ್ರಿ ಮೇಡಂ, ಯಾರ ಪರವಾಗಿ ಬರದ್ರೋ ಅವಳೇ ನಿಮ್ ಕೈ ಬಿಟ್ಲು."

ಅಕ್ಷರ ಯಾರದೆಂದು ಅವರಿಗೆ ಗುರುತು ಸಿಕ್ಕಿತೋ ಇಲ್ಲವೋ.

"ಅವಳನ್ನ ಮಿಲ್ಲಿಗೆ ಸೇರಿಸ್ಕೊಂಡ್ರಾ ಸಾರ್?"

"ನಿನ್ನೆಯಿಂದ ಬರ್ತಾವ್ಳೆ."

"ಒಳ್ಳೇದಾಯ್ತು."

"ನೀವೂ ಒಂದ್ ಸಾಲು ಕ್ಷಮೆ ಕೇಳಿ ಬರ್ದ್ ಕೊಡ್ರಿ. ನಾಳೆಯಿಂದ ಕ್ಲಾಸಿಗೆ ಹೋಗ್ರಿ."

ಅವಳು ಪೆನ್ನು ತೆಗೆದುಕೊಂಡಳು. 'ಲಕ್ಷ್ಮಕ್ಕನನ್ನು ಕೇಳದೆ ಅವಳ ಹೆಸರು ಬರೆದದ್ದು ತಪ್ಪು. ಅಂದು ಸಭೆಯಲ್ಲಿ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಬರೆದ ಸಂಗತಿ ನಿಜ. ಅದಕ್ಕೆ ಕ್ಷಮೆ ಕೇಳುವುದಿಲ್ಲ.'

ತಿಪ್ಪೇರುದ್ರಪ್ಪ ಓದಿ ಕನ್ನಡಕ ತೆಗೆದರು. "ಇದನ್ನ ಹೆಂಗ್ರಿ ಮ್ಯಾಲೆ ಕಳ್ಸೋದು?"

"ಹಿಂಗೇ ಕಳ್ಸಿ ಸಾರ್."

ಕೆಲಸದಿಂದ ತೆಗೆಯಲಿಲ್ಲ. ಮೊಳಕಾಲ್ಮೂರಿನಲ್ಲಿದ್ದ ಸಂಸ್ಥೆಯ ಇನ್ನೊಂದು ಶಾಲೆಗೆ ಹಾಕಿದರು. ಪಾಠವಿಲ್ಲ, ಲೈಬ್ರರಿ ನೋಡಿಕೊಳ್ಳುವುದಷ್ಟೇ. ಅವಳ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮಧ್ಯಾಹ್ನ ಸ್ಟಾಫ್ ರೂಮಿಗೆ ಕಾಲಿಟ್ಟರೆ ಕನ್ನಡದಲ್ಲಿ ನಡೆಯುತ್ತಿದ್ದ ಮಾತು ತೆಲುಗಿಗೆ ಹೊರಳುತ್ತಿತ್ತು. ಆಂಧ್ರದ ಗಡಿಯ ಪರಶುರಾಂಪುರದಲ್ಲಿ ಹುಟ್ಟಿ ಬೆಳೆದ ತನಗೆ ತೆಲುಗು ಬರುತ್ತದೆಂದು ದಾಕ್ಷಾಯಿಣಿ ಯಾರಿಗೂ ಹೇಳಲಿಲ್ಲ. ಕಿಟಕಿಯ ಪಕ್ಕ ಕೂತು ಡಬ್ಬಿ ತೆರೆದು, ತನ್ನ ಬಗ್ಗೆ ಅವರು ಆಡುವುದನ್ನೆಲ್ಲ ಕೇಳುತ್ತಾ ಉಣ್ಣುತ್ತಿದ್ದಳು.