ಮೀಸೆ ಹೋದ ನಾಯಕ, ಮಚ್ಚೆಯಿದ್ದ ದೊಡ್ಡಮ್ಮ

ಕಥೆ ಬರೆಯುವವರು ಅತ್ತೆ, ಚಿತ್ರ ಬರೆಯುವವಳು ಸೊಸೆ. ಇಬ್ಬರಿಗೂ ಪತ್ರಿಕೆ ಒಂದೇ, ಮನೆ ಒಂದೇ, ಅಡುಗೆಮನೆಯೂ ಒಂದೇ. ಮಾತು ಮಾತ್ರ ಇರಲಿಲ್ಲ.

ಅದು ಹೆಂಗಸರ ವಾರಪತ್ರಿಕೆ. ನಡುಪುಟದಲ್ಲಿ ಒಂದು ಪ್ರೇಮಕಥೆ, ಕಥೆಯ ನೆತ್ತಿಯ ಮೇಲೆ ಅರ್ಧ ಪುಟದ ಬಣ್ಣದ ಚಿತ್ರ. ಕೋಟಿನ ಕಾಲರ್ ಎತ್ತಿಕೊಂಡ ನಾಯಕ, ಅವನ ಹಣೆಗೆ ಇಳಿದ ಒಂದೇ ಒಂದು ಗುಂಗುರು; ಅವನ ಎದೆಗೊರಗಿ ಬೇರೆಲ್ಲೋ ನೋಡುವ ನಾಯಕಿ, ಕೆನ್ನೆ ಗುಡಿಸುವಷ್ಟು ಉದ್ದದ ಅವಳ ರೆಪ್ಪೆ. ಓದುಗರು ಮೊದಲು ಚಿತ್ರ ನೋಡಿ ನಿಟ್ಟುಸಿರು ಬಿಟ್ಟು, ಆಮೇಲೆ ಕಥೆಗೆ ಇಳಿಯುತ್ತಿದ್ದರು. ಇದು ಅತ್ತೆಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು, ಅಷ್ಟೆ.

ನಾಯಕನ ಭಂಗಿಗೆ ನಿಲ್ಲಲು ಮನೆಯಲ್ಲಿ ಸಿಗುತ್ತಿದ್ದವನು ಸೊಸೆಯ ಗಂಡನೊಬ್ಬನೇ. ಅವನ ಹೊಟ್ಟೆ ಮುಂದೆ ಬಂದಿತ್ತು, ಕೂದಲು ಹಿಂದೆ ಸರಿದಿತ್ತು. ಆದರೂ ಪಾಪ, ಕಛೇರಿಯಿಂದ ಬಂದವನು ಕೋಟು ಬಿಚ್ಚುವ ಮೊದಲೇ ದಿಂಬು ತಬ್ಬಿಕೊಂಡು ಕಿಟಕಿಯ ಪಕ್ಕ ನಿಲ್ಲಬೇಕು. ದಿಂಬೇ ನಾಯಕಿ. "ಸ್ವಲ್ಪ ಪ್ರೀತಿಯಿಂದ ಹಿಡ್ಕೊಳ್ರೀ, ಮಾರ್ಕೆಟ್ಟಿಂದ ಚೀಲ ಹೊತ್ತು ತಂದ ಹಾಗಿದೆ" ಎಂದು ಅವಳು ಗದರಿದರೆ, ಅವನು ದಿಂಬಿಗೆ ಕೆನ್ನೆ ಒತ್ತುತ್ತಿದ್ದ. ಹೊಟ್ಟೆ ಕರಗಿಸಿ ಕೂದಲು ಬೆಳೆಸುವ ಕೆಲಸ ಕುಂಚದ್ದು.

ಜಗಳ ಹತ್ತಿದ್ದೂ ಈ ಮಹಾರಾಯನಿಂದಲೇ. ಅತ್ತೆಯ ಒಂದು ಕಥೆಯಲ್ಲಿ ನಾಯಕಿ ಮನಸೋತದ್ದೇ ನಾಯಕನ ಮೀಸೆಗೆ. ಭಂಗಿಗೆ ನಿಲ್ಲಬೇಕಾದ ದಿನ ಗಂಡ ತನ್ನ ಮೀಸೆಯ ಒಂದು ಕಡೆ ಹೆಚ್ಚು ಕತ್ತರಿಸಿ, ಸರಿಮಾಡಲು ಹೋಗಿ ಇನ್ನೊಂದು ಕಡೆ ಹೆಚ್ಚು ಕತ್ತರಿಸಿ, ಕೊನೆಗೆ ಪೂರ್ತಿ ಬೋಳಿಸಿಕೊಂಡಿದ್ದ. ಅವನ ಹೊಟ್ಟೆ ಕರಗಿಸುವ ಗಡಿಬಿಡಿಯಲ್ಲಿ ಸೊಸೆಗೆ ಮೀಸೆ ಬರೆಯುವುದೇ ಮರೆತುಹೋಯಿತು. ಪತ್ರಿಕೆ ಮನೆಗೆ ಬಂತು. "ನನ್ನ ನಾಯಕನ ಮೀಸೆ ಬೋಳಿಸಿ ಊರ ಮುಂದೆ ಮಾನ ಕಳೆದಳು!" ಎಂದು ಮಹಡಿ ಹತ್ತಿದ ಅತ್ತೆ ಆಮೇಲೆ ಅವಳೊಡನೆ ಬಾಯಿ ಬಿಡಲಿಲ್ಲ.

ಅವರ ಟೈಪ್‌ರೈಟರ್ ಮಾತ್ರ ಚೆನ್ನಾಗಿಯೇ ಬಾಯಿ ಬಿಟ್ಟಿತು. ಮುಂದಿನ ಕಥೆಯಲ್ಲಿ ಹಾಲು ಉಕ್ಕಿಸುವ, ಗೊರಕೆ ಹೊಡೆಯುವ, ಬಾಗಿಲ ಹಿಡಿಗೆಲ್ಲ ಬಣ್ಣದ ಬೆರಳು ಒರೆಸುವ ಒಬ್ಬ ಸೊಸೆ ಬಂದಳು. ಇವಳು ಸುಮ್ಮನಿರುತ್ತಾಳೆಯೇ? ಅದೇ ಕಥೆಯಲ್ಲಿ ಪ್ರೇಮಿಗಳಿಗೆ ಅಡ್ಡಗಾಲು ಹಾಕುವ ಗಯ್ಯಾಳಿ ದೊಡ್ಡಮ್ಮನಿದ್ದಳು. ಚಿತ್ರದಲ್ಲಿ ಆ ದೊಡ್ಡಮ್ಮನ ಗಲ್ಲಕ್ಕೆ ಒಂದು ಮಚ್ಚೆ ಇಟ್ಟಳು. ಅತ್ತೆಯ ಗಲ್ಲದ ಮಚ್ಚೆಯಂಥದ್ದೇ, ಅದಿರುವ ಜಾಗದಲ್ಲೇ. ಅಲ್ಲಿಂದ ಮುಂದೆ ಕಥೆಗೊಬ್ಬ ದೊಡ್ಡಮ್ಮ, ದೊಡ್ಡಮ್ಮನಿಗೊಂದು ಮಚ್ಚೆ. ಮೆಟ್ಟಿಲಿಳಿದರೆ ಸಾಕಾಗಿದ್ದ ಕಥೆ ಅಂಚೆಯಲ್ಲಿ ಪತ್ರಿಕೆಯ ಕಛೇರಿಗೆ ಹೋಗಿ, ಅಂಚೆಯಲ್ಲೇ ಅದೇ ಮನೆಯ ಕೆಳಗಿನ ಕೋಣೆಗೆ ಬರುತ್ತಿತ್ತು. ಗಯ್ಯಾಳಿ ಅನ್ನಿಸಿಕೊಂಡ ಮೇಲೂ ಅತ್ತೆ ಪ್ರತಿ ಕಥೆಯಲ್ಲೂ ದೊಡ್ಡಮ್ಮನನ್ನು ಯಾಕೆ ತರುತ್ತಾರೆ ಎಂದು ಸೊಸೆ ಯೋಚಿಸಲೇ ಇಲ್ಲ. ಮಚ್ಚೆ ಇಡುವ ಸಂಭ್ರಮದಲ್ಲಿ ಅದಕ್ಕೆಲ್ಲ ಪುರಸೊತ್ತೆಲ್ಲಿ?

ಹೀಗಿರುವಾಗ ಒಂದು ದಿನ ಸಂಪಾದಕರು ಅವಳನ್ನು ಕಛೇರಿಗೆ ಕರೆಸಿ, ಕನ್ನಡಕ ಒರೆಸುತ್ತಾ ಕೂತರು. ಅವರು ಕನ್ನಡಕ ಒರೆಸಿದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ಈಗ ಎಲ್ಲಾ ಕಡೆ ಫೋಟೋನೇ ಹಾಕ್ತಿದ್ದಾರಮ್ಮ. ಮುಂದಿನ ಕಥೆಗೆ ಸ್ಟುಡಿಯೋದವರ ಹತ್ರ ಫೋಟೋ ತೆಗೆಸ್ತೀನಿ. ಚೆನ್ನಾಗಿ ಬಂತು ಅಂದ್ರೆ ಇನ್ನು ಚಿತ್ರ ಬೇಡ."

ಅವಳು ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನಿಂತು ಗಂಡನ ಹೆಗಲಿಗೆ ತಲೆಯಿಟ್ಟು ಅತ್ತಳು. ಚಿಕ್ಕಂದಿನಿಂದ ಅವಳಿಗೆ ಬರುತ್ತಿದ್ದದ್ದು ಚಿತ್ರ ಬರೆಯುವುದೊಂದೇ. ಹಾಲು ನಿಜಕ್ಕೂ ಉಕ್ಕುತ್ತಿತ್ತು, ಗೊರಕೆಯೂ ಸುಳ್ಳಲ್ಲ. ಆದರೆ ಕುಂಚ ಹಿಡಿದಾಗ ಅವಳ ಕೈ ತಪ್ಪುತ್ತಿರಲಿಲ್ಲ. ಅದೂ ಹೋದರೆ ತಾನು ಯಾರು ಎಂಬ ಭಯ ಅವಳನ್ನು ಹಿಡಿದಿತ್ತು. ಬಾಗಿಲಾಚೆ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಕೇಳಿಸಿತೋ ಇಲ್ಲವೋ, ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟಲನ್ನು ಅಲ್ಲೇ ಬಿಟ್ಟು ಮಹಡಿ ಹತ್ತಿದರು. ಟೈಪ್‌ರೈಟರ್ ಶುರುವಾಯಿತು.

"ನೋಡಿ, ನಿಮ್ಮಮ್ಮನಿಗೆ ಎಷ್ಟು ಹುರುಪು ಬಂದಿದೆ" ಎಂದು ಅವಳು ಮೂಗು ಒರೆಸಿಕೊಂಡಳು.

ಆ ಕಥೆ ಈ ಸಲ ಅವಳಿಗೆ ಬರಲಿಲ್ಲ, ನೇರ ಸ್ಟುಡಿಯೋಗೆ ಹೋಯಿತು. ಅವಳು ಕುಂಚಗಳನ್ನೆಲ್ಲ ತೊಳೆದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಮುಚ್ಚಳ ಬಿಗಿದ ಕೆಲವೇ ದಿನಕ್ಕೆ ಸಂಪಾದಕರು ಫೋನಿನಲ್ಲಿ ಬೊಬ್ಬೆ ಹಾಕಿದರು.

"ನಿಮ್ಮತ್ತೆಗೆ ಏನಾಗಿದೆಯಮ್ಮಾ? ಇಷ್ಟು ವರ್ಷ ಅವರ ಪ್ರೇಮಿಗಳು ಪಾರ್ಕಿನ ಬೆಂಚು ಬಿಟ್ಟು ಎದ್ದವರಲ್ಲ. ಈಗ ಬಲೂನು ಹತ್ತಿ ಹಾರ್ತಿದ್ದಾರೆ! ಬಿರುಗಾಳಿಯಂತೆ, ಬಲೂನನ್ನ ಹೆಬ್ಬಾತುಗಳ ಹಿಂಡು ಎಳೀತಿದೆಯಂತೆ, ನಾಯಕನ ಮಫ್ಲರ್ ಹಿಡ್ಕೊಂಡು ನಾಯಕಿ ಕೆಳಗೆ ನೇತಾಡ್ತಾಳಂತೆ! ಸ್ಟುಡಿಯೋದವನು ನಾಯಕಿಯಾಗೋಕೆ ಬಂದ ಹುಡುಗೀನ ಏಣಿಗೆ ನೇತುಹಾಕಿದ, ಅವಳು ಕಿರುಚಿಕೊಂಡು ಮನೆಗೆ ಹೋದಳು. ಬಾಡಿಗೆಗೆ ತಂದ ಹೆಬ್ಬಾತು ಅವನನ್ನೇ ಕಚ್ಚಿದೆ. ಒಂದು ಸಾಲು ತೆಗೀರಿ ಅಂದ್ರೆ ನಿಮ್ಮತ್ತೆ ಫೋನ್ ಇಟ್ಟುಬಿಟ್ರು. ಕೂಡಲೇ ಚಿತ್ರ ಬೇಕು. ಫೋಟೋ ಸಹವಾಸ ಸಾಕು, ಇನ್ನು ನೀವೇ ಬರೀರಿ."

ಫೋನ್ ಕೆಳಗಿಟ್ಟ ಸೊಸೆ ಅಲ್ಲೇ ನಿಂತುಬಿಟ್ಟಳು. ಎತ್ತರದ ಕುರ್ಚಿಯಲ್ಲಿ ಕೂತರೇ ತಲೆ ಸುತ್ತುತ್ತದೆ ಎನ್ನುವ ಅತ್ತೆ ಬಲೂನು ಹಾರಿಸಿದ್ದು ಯಾರಿಗಾಗಿ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅರ್ಧಕ್ಕೇ ಬಿಟ್ಟುಹೋದ ಬಟಾಣಿಯ ಬಟ್ಟಲು ನೆನಪಾಗಿ, ಕುಂಚದ ಡಬ್ಬಿಯ ಮುಚ್ಚಳ ತೆಗೆದಳು.

ಆ ಸಂಜೆ ಗಂಡ ಊಟದ ಮೇಜಿನ ಮೇಲೆ, ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ನಿಂತಿದ್ದ. ಕುತ್ತಿಗೆಗೆ ಮಫ್ಲರ್, ಮಫ್ಲರಿನ ತುದಿಗೆ ದಿಂಬು. "ಉಸಿರು ಕಟ್ತಾ ಇದೆ ಕಣೇ" ಎಂದ. "ಪ್ರೇಮ ಅಂದ್ರೆ ಹಾಗೇ ರೀ" ಎಂದು ಅವಳು ಬಣ್ಣ ಕಲಸಿದಳು. ಮೋಡ ಬಂತು, ಹೆಬ್ಬಾತುಗಳು ಬಂದವು, ನಾಯಕನಿಗೆ ಮರೆಯದೆ ಮೀಸೆ ಬಂತು. ಕಥೆಯಲ್ಲಿ ದೊಡ್ಡಮ್ಮನೂ ಇದ್ದಳು, ಬಲೂನಿನ ಬುಟ್ಟಿಯ ಮೂಲೆ ಹಿಡಿದು, ಇಳಿಯುವುದಿಲ್ಲ ಎಂದು ಹಟ ಮಾಡುತ್ತಾ. ಸೊಸೆ ಅವಳಿಗೆ ಮೃದುವಾದ ಮುಖ ಬರೆದಳು, ತುಟಿಯಲ್ಲಿ ಸಣ್ಣ ನಗು ಇಟ್ಟಳು. ಮಚ್ಚೆ ಇಡಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಆ ಬರೀ ಗಲ್ಲದಲ್ಲೇ ಹೇಳಿದೆ ಅಂದುಕೊಂಡಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅತ್ತೆ ಬಂದರು. ಮೇಜಿನ ಮೇಲಿದ್ದ ಮಗನನ್ನು ಒಮ್ಮೆ ನೋಡಿ, ನೋಡದವರಂತೆ ದಾಟಿ ಚಿತ್ರದ ಮುಂದೆ ನಿಂತರು. ನಾಯಕನ ಮೀಸೆಗೆ ತಲೆದೂಗಿದರು. ಆಮೇಲೆ ಚಿತ್ರದ ಮೂಲೆಗೆ ಬಗ್ಗಿದರು. ಹುಬ್ಬು ಗಂಟಾಯಿತು.

"ಮಚ್ಚೆ ಎಲ್ಲೇ?"

ಎಷ್ಟೋ ತಿಂಗಳ ಮೇಲೆ ಅವಳೊಡನೆ ಆಡಿದ ಮೊದಲ ಮಾತು. ಅವಳು ತಬ್ಬಿಬ್ಬಾದಳು. "ಅತ್ತೆ, ಅದು... ಇನ್ಮೇಲೆ ಇಡಲ್ಲ ಅತ್ತೆ. ತಪ್ಪಾಯ್ತು."

"ಇಡಲ್ವಾ? ಚೆನ್ನಾಗಿ ಹೇಳ್ದೆ! ವಾರ ವಾರ ನನ್ನ ಸ್ನೇಹಿತೆಯರೆಲ್ಲ ನಾನೆಲ್ಲಿದ್ದೀನಿ ಅಂತ ಹುಡುಕ್ತಾರೆ. ನಾನೇನು ಆ ದೊಡ್ಡಮ್ಮನ್ನ ಪ್ರತಿ ಕಥೆಗೂ ಸುಮ್ಮನೆ ಎಳ್ಕೊಂಡು ಬರ್ತೀನಿ ಅಂದ್ಕೊಂಡ್ಯಾ?" ಅತ್ತೆಯ ದನಿ ಸ್ವಲ್ಪ ಇಳಿಯಿತು. "ಈ ವಯಸ್ಸಲ್ಲಿ ನನ್ನನ್ನ ಇನ್ಯಾರು ಚಿತ್ರದಲ್ಲಿ ಬರೀತಾರೆ ಹೇಳು."

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವಳು ಸಣ್ಣ ಕುಂಚ ತೆಗೆದು ಕಂದು ಬಣ್ಣಕ್ಕೆ ಅದ್ದಿದಳು.

"ತಾಳು, ತಾಳು" ಎಂದು ಅತ್ತೆ ಕುರ್ಚಿ ಎಳೆದು ದೀಪದ ಕೆಳಗೆ ಕೂತರು. ಕೂದಲು ನೇವರಿಸಿಕೊಂಡು ಗಲ್ಲ ಎತ್ತಿದರು. "ಇಷ್ಟು ದಿನ ಕದ್ದು ನೋಡಿ ಬರೀತಿದ್ದೆಯಲ್ಲ, ಇವತ್ತು ಸರಿಯಾಗಿ ನೋಡ್ಕೊಂಡು ಇಡು."

"ನಾನು ಇಳೀಲಾ?" ಎಂದ ಗಂಡ ಬುಟ್ಟಿಯಿಂದ.

"ಬೇಡ, ಬೇಡ!" ಎಂದರು ಅತ್ತೆ ಸೊಸೆ ಇಬ್ಬರೂ.