ಬಾಗಿಲಿಗೆ ಕೊಟ್ಟ ಬೆನ್ನು

ಕೋಮಲ ಒಂದು ಕಾಲನ್ನು ಗೋಡೆಗೆ ಕೊಟ್ಟು, ವಾಷಿಂಗ್ ಮಿಷನ್ನಿನ ದುಂಡು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೊಮ್ಮೆ ಜಗ್ಗಿದಳು. ಬಾಗಿಲು ಬರಲಿಲ್ಲ, ಹೆಬ್ಬೆರಳಿನ ಉಗುರು ಅರ್ಧಕ್ಕೆ ಮುರಿಯಿತು. ಗಾಜಿನ ಆಚೆ, ಬೂದುಬಣ್ಣದ ನೊರೆನೀರಿನಲ್ಲಿ, ಅತ್ತೆಯ ಇಟ್ಟಿಗೆ ಬಣ್ಣದ ನೂಲಿನ ಸೀರೆ ಮುದ್ದೆಯಾಗಿ ಕೂತಿತ್ತು. ಮೇಲೆ ಕೆಂಪು ದೀಪ ಮಿಣುಕುತ್ತಲೇ ಇತ್ತು.

"ಸಿಕ್ತಾ ಸೀರೆ?" ನಾದಿನಿ ಭವ್ಯಶ್ರೀ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದಳು. ಅದು ಐದನೇ ಸಲ.

"ಸಿಕ್ಕಿದ್ರೆ ಕೈಯಲ್ಲಿ ಇರ್ತಿರ್ಲಿಲ್ವಾ ಭವ್ಯಾ?"

"ಅವ್ವ ನಂಗೆ ಎಷ್ಟು ಸಲ ಏಳಿದ್ಲು, ನಾನು ಸತ್ರೆ ಅದೇ ಸೀರೆ ಉಡ್ಸಿ ಅಂತ. ನಿಮ್ಮ ಮಿಷನ್ನು ಕೊನೆಗೆ ಅದನ್ನೂ ನುಂಗ್ಕತು."

ಕೋಮಲ ಹಲ್ಲು ಕಚ್ಚಿದಳು. ಕೊಳ್ಳೇಗಾಲದ ಬಸ್ ಡಿಪೋದಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿದ ಮೊದಲ ತಿಂಗಳು ಆ ಸೀರೆಯನ್ನು ತಂದುಕೊಟ್ಟವಳೇ ಅವಳು. ಮೊನ್ನೆ ಯಳಂದೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಅದನ್ನೇ ಉಟ್ಟು ಹೋಗಿದ್ದ ಅತ್ತೆ ಪುಟ್ಟಮಾದಮ್ಮ, ನಿನ್ನೆ ಸಂಜೆ ಮಿಷನ್ನಿಗೆ ಹಾಕಿದ್ದರು. ಬೆಳಗಿನ ಜಾವ ಎದೆನೋವು ಬಂದು ತೀರಿಕೊಂಡಿದ್ದರು. ಈಗ ಮುಳ್ಳೂರಿನ ಅರ್ಧ ಊರು ಮನೆ ಮುಂದಿನ ಶಾಮಿಯಾನದ ಕೆಳಗೆ ಕೂತಿತ್ತು, ಮೈತೊಳೆಸುವ ನೀರು ಹಂಡೆಯಲ್ಲಿ ಕಾದು ಕಾದು ಆರುತ್ತಿತ್ತು.

ಅಗರದಿಂದ ಬಂದಿದ್ದ ಪುಟ್ಟಮಾದಮ್ಮನ ಅಣ್ಣ ಚಿಕ್ಕಸಿದ್ದಯ್ಯ ಕೋಲೂರಿಕೊಂಡು ಒಳಗೆ ಬಂದರು. "ಏನವ್ವ ಇದು? ಒತ್ತಾಯ್ತಾ ಅದೆ. ಬ್ಯಾರೆ ಸೀರೆ ಇಲ್ವಾ ಮನೇಲಿ?"

"ಐದು ನಿಮಿಷ ಮಾವ."

"ಬೆಳಗಿಂದ ಐದು ನಿಮಿಷನೇ ಆಯ್ತಾ ಅದೆ. ಎಲ್ಲಿ, ಕೋಲಲ್ಲಿ ಒಂದೇಟು ಕೊಡ್ತೀನಿ ತಡಿ."

"ಬ್ಯಾಡ ಮಾವ!"

ಕೋಮಲಳ ಗಂಡ ನಟರಾಜು ಪ್ಲಗ್ ಕಿತ್ತು ಮತ್ತೆ ಚುಚ್ಚಿದ. ದೀಪ ಆರಿತು, ಮತ್ತೆ ಹತ್ತಿತು, ಮತ್ತೆ ಮಿಣುಕಿತು. ಇದು ಎಂಟನೆಯ ಬಾರಿ. ಅಷ್ಟರಲ್ಲಿ ಹಾರ ಹಿಡಿದುಕೊಂಡು ಬಂದ ರಂಗರಾಜುವನ್ನು ಯಾರೋ ಹೊರಗಿನಿಂದಲೇ ಒಳಕ್ಕೆ ತಳ್ಳಿದರು. ಕೊಳ್ಳೇಗಾಲದಲ್ಲಿ ಫ್ರಿಜ್ಜು, ಮಿಷನ್ನು ರಿಪೇರಿ ಮಾಡುವ ಅಂಗಡಿ ಅವನದು. ಹಾರವನ್ನು ನೀರಿನ ತೊಟ್ಟಿಯ ಮೇಲಿಟ್ಟು ಅವನು ಕುಕ್ಕರಗಾಲಲ್ಲಿ ಕೂತ. ದೀಪ ನೋಡಿದ. ಬಾಗಿಲಿನ ಅಂಚಿನ ಮೇಲೆ ಬೆರಳಾಡಿಸಿದ. ಹೆಚ್ಚು ಹುಡುಕಲೇ ಇಲ್ಲ.

"ಡೋರ್ ಸ್ವಿಚ್ಚು. ಬಾಗಿಲು ತೆಗೆದದೆ ಅಂತ ತಿಳ್ಕಂಡದೆ ಮಿಷನ್ನು."

"ತೆಗೆದಿದ್ರೆ ನಾವ್ಯಾಕ್ಲಾ ಇಲ್ಲಿ ಸಾಯ್ತಿದ್ವಿ?" ನಟರಾಜು ರೇಗಿದ.

"ಲಾಕು ಕಚ್ಕಂಡದೆ, ಅದು ಬ್ಯಾರೆ. ಲಾಕು ಬಿದ್ದದೆ ಅಂತ ಒಳಗೆ ಸುದ್ದಿ ಮುಟ್ಟಿಸೋದು ಸ್ವಿಚ್ಚು. ಅದು ಮುಟ್ಟಿಸ್ತಾ ಇಲ್ಲ. ಅದಕ್ಕೆ ಓಡಲ್ಲ, ನೀರೂ ಬಿಡಲ್ಲ, ತೆಗೆಯಕ್ಕೂ ಬಿಡಲ್ಲ."

"ನಿನ್ನೆ ತನಕ ಚೆನ್ನಾಗಿತ್ತಲ್ಲ!" ಕೋಮಲಳ ದನಿ ಏರಿತು. "ನಿನ್ನೆ ಬೆಳಗ್ಗೆ ನನ್ನ ಯೂನಿಫಾರಂ ಒಗೆದು ಒಣಗಿಸಿಟ್ಟಿದ್ರು."

ರಂಗರಾಜು ತಲೆ ಕೆರೆದುಕೊಂಡ. "ಅಕ್ಕಾ, ಇದು ಕೆಟ್ಟು ಎರಡು ವರ್ಷ ಆಯ್ತು."

⁂

ಎರಡು ವರ್ಷದ ಹಿಂದೆ ಏನಾಯಿತೆಂಬುದು ಕೋಮಲಳಿಗೆ ಗೊತ್ತಿರಲಿಲ್ಲ. ಆದರೆ ಹೋದ ಸಂಕ್ರಾಂತಿಯ ನಂತರದ ಒಂದು ಮಧ್ಯಾಹ್ನ ಮಾತ್ರ ಈಗ ಥಟ್ಟನೆ ಕಣ್ಣ ಮುಂದೆ ಬಂತು.

ಅವತ್ತು ಹನೂರಿನಿಂದ ಬರುವಾಗ ಕಾಮಗೆರೆಯ ಹತ್ತಿರ ಬಸ್ಸು ಕೆಟ್ಟು ನಿಂತು, ಉಳಿದ ಟ್ರಿಪ್ಪು ರದ್ದಾಗಿ, ಅವಳು ಸಂಜೆಗೆ ಬರಬೇಕಾದವಳು ಊಟದ ಹೊತ್ತಿಗೇ ಮನೆ ಸೇರಿದ್ದಳು. ಅತ್ತೆ ಹಿತ್ತಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಬೆನ್ನು ಮಿಷನ್ನಿಗೆ ಆನಿಸಿತ್ತು. ಮಿಷನ್ನು ಗಡಗಡ ಎನ್ನುತ್ತಿತ್ತು. ಅದರ ಜೊತೆಗೆ ಅತ್ತೆಯ ತಲೆಯೂ, ಮೊರದಲ್ಲಿದ್ದ ಕಾಳೂ ನಡುಗುತ್ತಿದ್ದವು.

"ಇದೇನತ್ತೆ, ಕೂರಕ್ಕೆ ಇದೇ ಜಾಗ ಸಿಕ್ತಾ ನಿಮಗೆ? ಏಳಿ ಮೇಲೆ. ಏನಾದ್ರೂ ಆದ್ರೆ ಊರೋರೆಲ್ಲ ನನ್ನ ಆಡ್ಕತಾರೆ."

"ಏನೂ ಆಗಲ್ಲ ಕಣವ್ವ. ಬೆನ್ನಿಗೆ ಇತವಾಗದೆ."

"ಏಳಿ ಅಂದ್ರೆ!"

ಅತ್ತೆ ಎದ್ದರು. ಮಿಷನ್ನು ನಿಂತಿತು. "ದರಿದ್ರದ್ದು, ಇದಕ್ಕೊಂದು ರೋಗ" ಎಂದು ಕೋಮಲ ಮಿಷನ್ನನ್ನು ಬೈದಳು. ಅತ್ತೆ ಮೊರ ಹಿಡಿದು ನಿಂತಲ್ಲೇ, "ಕರೆಂಟು ಓಯ್ತೇನೋ, ನೀನೋಗಿ ಉಣ್ಣು, ನಾನು ನೋಡ್ಕತೀನಿ" ಎಂದರು. ಕೋಮಲ ಕೈತೊಳೆದು ಊಟಕ್ಕೆ ಕೂತಾಗ ಮಿಷನ್ನು ಮತ್ತೆ ಓಡುತ್ತಿತ್ತು. ಕರೆಂಟು ಬಂತೆಂದುಕೊಂಡಳು. ತಲೆಯ ಮೇಲಿನ ಫ್ಯಾನು ಅಷ್ಟು ಹೊತ್ತೂ ತಿರುಗುತ್ತಲೇ ಇತ್ತು ಎನ್ನುವುದು ಅವಳ ಗಮನಕ್ಕೆ ಬಂದಿರಲಿಲ್ಲ.

⁂

"ಆಗ ಅವ್ವ ಬಿದ್ದುಬುಟ್ಟಿದ್ರು ಅಕ್ಕಾ," ರಂಗರಾಜು ಹೇಳಿದ. "ಇಲ್ಲೇ, ಪಾಚಿ ಮ್ಯಾಲೆ. ಬೀಳೋವಾಗ ತೆಗೆದಿದ್ದ ಬಾಗಿಲು ಹಿಡ್ಕಂಡವ್ರೆ, ಅದು ಬಾಗ್ಬುಡ್ತು. ನನ್ನ ಕರ್ಸಿದ್ರು. ಬಾಗಿಲು, ಸ್ವಿಚ್ಚು ಎರಡೂ ಬದಲಾಯಿಸ್ಬೇಕು ಅಂದೆ. ಬ್ಯಾಡ, ಹೊಸ ಬಾಗಿಲು ನೋಡಿದ್ರೆ ಸೊಸೆ ಯಾಕೆ ಅಂತ ಕೇಳ್ತಾಳೆ ಅಂದ್ರು. ಒತ್ತಿ ಹಿಡಿದ್ರೆ ಓಡ್ತದೆ ಅಂತ ಬಾಯ್ತಪ್ಪಿ ಅಂದ್ಬುಟ್ಟೆ. ಅಷ್ಟೇ ತಾನೆ ಅಂತ ಸ್ಟೂಲು ತಂದು ಕೂತ್ಕಂಡ್ರು."

"ಕೇಳಿದ್ರೆ ಏನಾಗ್ತಿತ್ತು?"

"ಬಿದ್ದೆ ಅಂತ ಗೊತ್ತಾದ್ರೆ ಹಿತ್ತಿಲಿಗೆ ಕಾಲಿಡಕ್ಕೆ ಬುಡಲ್ಲ, ಮೂಲೇಲಿ ಕೂರಿಸ್ತಾಳೆ ಅಂದ್ರು. ನನ್ನ ಕೈಲಿ ಆಣೆ ಹಾಕಿಸ್ಕಂಡಿದ್ರು ಅಕ್ಕಾ, ಏನ್ ಮಾಡ್ಲಿ."

ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಕುದಿಯುವ ನೀರಿನಲ್ಲಿ ಬೆರಳಾಡಿಸಿ ಇಬ್ಬರು ಮಕ್ಕಳನ್ನು ಸಾಕಿದ ಹೆಂಗಸು ಪುಟ್ಟಮಾದಮ್ಮ. ಆ ಬೆರಳುಗಳು ಸೋಪಿಗೆ ಒಡೆದು ರಕ್ತ ಬರುವುದನ್ನು ನೋಡಲಾರದೆ ಕೋಮಲ ಮಿಷನ್ನು ತಂದಿದ್ದಳು. ನೋವೇನತ್ತೆ ಎಂದರೆ ಏನೂ ಇಲ್ಲ. ಊಟ ಯಾಕೆ ಬಿಟ್ರಿ ಎಂದರೆ ಏನೂ ಇಲ್ಲ. ನಿನ್ನೆ ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಮಲಗಿಬಿಟ್ಟಿದ್ದವರನ್ನು ಯಾಕೆಂದು ಕೇಳಿದ್ದಕ್ಕೂ, "ಏನೂ ಇಲ್ಲ ಕಣವ್ವ, ಬಟ್ಟೆ ಬೆಳಗ್ಗೆ ನೋಡ್ಕತೀನಿ" ಎಂದಿದ್ದರು. ಅಂದರೆ ನಿನ್ನೆ ಸಂಜೆ, ಒಗೆತ ಅರ್ಧಕ್ಕೆ ಬಂದಾಗ, ಕೂರಲಾರದೆ ಎದ್ದುಹೋಗಿದ್ದರು.

"ಬಿದ್ದೆ ಅಂತ ಏಳ್ಲಿಲ್ಲ. ಬಾಗಿಲು ಕೆಟ್ಟಿದ್ದು ಏಳ್ಲಿಲ್ಲ. ಎದೆ ನೋಯ್ತದೆ ಅಂತಾನೂ ಏಳ್ಲಿಲ್ಲ!" ಕೋಮಲ ಮಿಷನ್ನಿನ ನೆತ್ತಿಗೆ ಅಂಗೈಯಿಂದ ಬಡಿದಳು. ಶಾಮಿಯಾನದ ಕೆಳಗಿದ್ದವರು ತಿರುಗಿ ನೋಡಿದರು. "ಬಾಯಿ ಇರ್ಲಿಲ್ವಾ ಇವರಿಗೆ? ಏಳಿದ್ರೆ ನಾನೇನು ತಿಂದುಬುಡ್ತಿದ್ನಾ? ಎರಡು ವರ್ಷ! ನನ್ನ ಬಟ್ಟೆಗೆ, ಎರಡು ವರ್ಷ..."

ಭವ್ಯಶ್ರೀ ನೆಲ ನೋಡುತ್ತಿದ್ದಳು.

"ಕೆಳಗಿನ ಫಿಲ್ಟರಿಂದ ನೀರು ಖಾಲಿ ಮಾಡಿ, ಲಾಕು ಬಿಚ್ಚಿ ಕೊಡ್ಲಾ ಅಕ್ಕಾ?" ರಂಗರಾಜು ಮೆಲ್ಲಗೆ ಕೇಳಿದ. "ಆದ್ರೆ ನೊರೆ ಸೀರೆ ಸಿಗೋದು. ಓಡಿಸಿದ್ರೆ ಇಪ್ಪತ್ತು ನಿಮಿಷ, ಜಾಲಿಸಿ ಹಿಂಡಿ ಕೊಡ್ತದೆ."

ಕೋಮಲ ಕಣ್ಣೊರೆಸಿಕೊಂಡು ಸ್ಟೂಲು ಎಳೆದಳು. ಕೂತು ಬೆನ್ನು ಕೊಟ್ಟಳು. ಏನೂ ಆಗಲಿಲ್ಲ.

"ಇನ್ನೂ ಕೆಳಗೆ. ಬಲಗಡೆಗೆ. ಕಾಲು ಎದುರಿನ ಗೋಡೆಗೆ ಕೊಟ್ಟು ಒತ್ತಿ. ಅವ್ವನೂ ಮೊದಮೊದಲು ಪರದಾಡಿದ್ರು."

ಟಕ್ ಎಂದಿತು. ನೀರು ಹೋಗುವ ಸದ್ದು ಬಂತು.

ಐದು ನಿಮಿಷಕ್ಕೆ ಕೋಮಲಳ ಸೊಂಟ ಸೋತಿತು. ಮಿಷನ್ನು ಹಿಂಡಲು ಶುರುಮಾಡಿದಾಗ ಹಲ್ಲು ಹಲ್ಲಿಗೆ ಬಡಿದು, ಬೆನ್ನು ಒಂದು ಕ್ಷಣ ಜಾರಿತು, ಮಿಷನ್ನು ನಿಂತಿತು. "ಥೂ!" ಎಂದಳು. ಆಗ ಭವ್ಯಶ್ರೀ ಬಂದು ಪಕ್ಕದಲ್ಲಿ ನೆಲದ ಮೇಲೆ, ಒದ್ದೆಯಲ್ಲೇ ಕೂತು, ತನ್ನ ಭುಜವನ್ನೂ ಬಾಗಿಲಿಗೆ ಕೊಟ್ಟಳು.

"ನಂಗೂ ಏಳ್ಲಿಲ್ಲ ಅತ್ತಿಗೆ," ಎಂದಳು. "ದಿನಾ ಫೋನ್ ಮಾಡ್ತಿದ್ಲು. ಏನೋ ಗಡಗಡ ಅಂತದಲ್ಲವ್ವ ಅಂದ್ರೆ, ಬಸ್ಸಲ್ಲಿದ್ದೀನಿ ಅಂತಿದ್ಲು."

ಕೋಮಲಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ; ಆ ಅಲುಗಾಟದಲ್ಲಿ ಎರಡೂ ಒಂದೇ ಆಗಿದ್ದವು. ಚಿಕ್ಕಸಿದ್ದಯ್ಯ ಬಾಗಿಲ ತನಕ ಬಂದು, ಇಬ್ಬರನ್ನೂ ನೋಡಿ ಹಿಂದಕ್ಕೆ ಹೋದರು.

⁂

ಸೀರೆ ಹಸಿಯಾಗಿಯೇ ಇತ್ತು. ಹಸಿ ಸೀರೆಯನ್ನೇ ಉಡಿಸಿದರು. ಉಡಿಸುವಾಗ ಅದು ಮೈಗೆ ಅಂಟಿಕೊಂಡು ನೆರಿಗೆ ಕೂರಲಿಲ್ಲ. ಹೆಂಗಸರು ಮೂರು ಸಲ ಬಿಚ್ಚಿ ಕಟ್ಟಿದರು. ಹೊತ್ತಾಯಿತೆಂದು ಕೊನೆಗೆ ಹೇಗಿತ್ತೋ ಹಾಗೇ ಚಟ್ಟದ ಮೇಲೆ ಕೂರಿಸಿ ಎತ್ತಿದರು.

ತಮಟೆಯ ಹಿಂದೆ ಊರು ದಾಟಿ ಹೊಲದ ದಾರಿಗೆ ಬಿದ್ದಾಗ ಮೂರು ಗಂಟೆಯ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಮುಂದೆ ನಟರಾಜು ಹೆಗಲು ಕೊಟ್ಟಿದ್ದ. ಪಕ್ಕದಲ್ಲೇ ನಡೆಯುತ್ತಿದ್ದ ಕೋಮಲಳ ಕಣ್ಣು ಸೀರೆಯ ಮೇಲೇ ಇತ್ತು. ಮೊದಲು ಸೆರಗಿನ ಅಂಚು ಒಣಗಿ ತೆಳ್ಳಗಾಯಿತು. ನಾಲೆ ದಾಟುವ ಹೊತ್ತಿಗೆ ಕಪ್ಪಗಿದ್ದ ಬಣ್ಣ ತಿಳಿಯಾಗುತ್ತ ಮತ್ತೆ ಇಟ್ಟಿಗೆಯಂತಾಯಿತು. ಗದ್ದೆಯ ಕಡೆಯಿಂದ ಗಾಳಿ ಬಂದು ಸೆರಗು ಮೇಲೆದ್ದಿತು. ಕೋಮಲ ಕೈಚಾಚಿ ಅದನ್ನು ಹೂವಿನ ಹಾರದ ಕೆಳಗೆ ಸಿಕ್ಕಿಸಿದಳು. ಮತ್ತೆ ಎದ್ದಿತು. ಗೊಣಗಿಕೊಂಡು ಮತ್ತೆ ಸಿಕ್ಕಿಸಿದಳು.

ಮೂರನೆಯ ಸಲ ಸೆರಗು ಬಿಡಿಸಿಕೊಂಡು, ಒಣಗಿ ಗರಿಗರಿಯಾಗಿ, ಹೊತ್ತವರ ತಲೆಯ ಮೇಲೆ ಪಟಪಟನೆ ಹಾರತೊಡಗಿತು. ಕೋಮಲ ಎತ್ತಿದ ಕೈಯನ್ನು ಕೆಳಗಿಳಿಸಿ ನಡೆದಳು.