ಸ್ಟೆಲ್ಲಾಳ ಬೆನ್ನಿಗೆ ಕಟ್ಟಿದ ದೋಣಿ

ನಾನು ಒಂದು ಚಿಕ್ಕ ದೋಣಿ. ಎಷ್ಟು ಚಿಕ್ಕವಳೆಂದರೆ, ನಾಲ್ಕು ಜನ ಕೂತ ಮೇಲೆ ಐದನೆಯವರು ಉಸಿರು ಬಿಗಿಹಿಡಿದು ಕೂರಬೇಕು. ದೊಡ್ಡ ಹಾಯಿದೋಣಿಯ ಬೆನ್ನಿಗೆ ಹಗ್ಗದಲ್ಲಿ ಕಟ್ಟಿಸಿಕೊಂಡು, ಅದು ಹೋದಲ್ಲಿ ಹೋಗಿ, ನಿಂತಲ್ಲಿ ನಿಂತು ಆಯುಷ್ಯ ಕಳೆದವಳು. ಏನು ಮಾಡೋಣ, ಕೆಲವರ ಹಣೆಬರಹವೇ ಹಾಗೆ.

ಹುಟ್ಟಿದ್ದು ಗಂಗೊಳ್ಳಿಯಲ್ಲಿ, ಹೊಳೆದಂಡೆಯ ಮೇಲಿದ್ದ ಶೀನ ಆಚಾರಿಯ ಚಪ್ಪರದಡಿ. ಹೆಬ್ಬಲಸಿನ ಹಲಗೆ, ಸಂದುಗಳಿಗೆ ಹತ್ತಿ, ಮೈಗೆಲ್ಲ ಮೀನೆಣ್ಣೆ. ಆಚಾರಿ ಮಹಾ ಸಿಡುಕ. ಹಲಗೆ ಬಾಗದಿದ್ದರೆ ನನಗೇ ಬೈಯುತ್ತಿದ್ದ. ನೀರಿಗೆ ಇಳಿಸುವ ದಿನ ಮಾತ್ರ ನನ್ನ ಮೂತಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಕೈಮುಗಿದ. ನನ್ನ ಮುಂದೆ ಯಾರಾದರೂ ಕೈಮುಗಿದದ್ದು ಅದೇ ಮೊದಲು, ಅದೇ ಕೊನೆ.

ಮೊದಲ ಯಜಮಾನ ಬಾಬು ಖಾರ್ವಿ. ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೊಳೆ ದಾಟಿಸುವುದು ಅವನ ಕಸುಬು. ಮೀನಿನ ಬುಟ್ಟಿಯ ಹೆಂಗಸರು, ಶಾಲೆಯ ಮಕ್ಕಳು, ಹೊಸ ಸೀರೆಯ ಮದುಮಗಳು, ಎಲ್ಲರೂ ನನ್ನ ಮೇಲೆ ಕೂತವರೇ. ದಡದಿಂದ ದಡಕ್ಕೆ ಸ್ವಲ್ಪವೇ ಹೊತ್ತು, ಆದರೆ ಅಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿಯುತ್ತಿತ್ತು. ನಾನು ಕನ್ನಡ ಕಲಿತದ್ದು ಹಾಗೆ. ಎಂಥ ಮಾತು, ಎಂಥ ನಗು! ಆ ದಿನಗಳಲ್ಲಿ ಬೇಸರ ಅನ್ನುವ ಪದದ ಅರ್ಥವೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಎಂಜಿನ್ನಿನ ದೋಣಿ ಬಂತು. ಬಾಬು ನನ್ನನ್ನು ಕಾರವಾರದ ಲಾರೆನ್ಸ್ ಸಿಕ್ವೇರಾ ಅನ್ನುವವರಿಗೆ ಮಾರಿದ. ಸಿಕ್ವೇರಾ ನೌಕಾಪಡೆಯಿಂದ ನಿವೃತ್ತರಾಗಿ ಒಂದು ಬಿಳಿ ಹಾಯಿದೋಣಿ ಕೊಂಡಿದ್ದರು. ತೀರಿಹೋದ ಹೆಂಡತಿಯ ಹೆಸರನ್ನೇ ಅದಕ್ಕಿಟ್ಟಿದ್ದರು: ಸ್ಟೆಲ್ಲಾ. ಅವಳ ಮೇಲೆ ನನ್ನನ್ನು ಹೇರಿಕೊಂಡು ಅಂಡಮಾನಿಗೆ ಹೋದರು. ಅಲ್ಲಿ ಪ್ರವಾಸಕ್ಕೆ ಬಂದ ಕುಟುಂಬಗಳು ಸ್ಟೆಲ್ಲಾಳನ್ನು ನಾಲ್ಕು ದಿನ, ವಾರ ಅಂತ ಬಾಡಿಗೆಗೆ ಹಿಡಿಯುತ್ತಿದ್ದವು. ಕ್ಯಾಪ್ಟನ್ನೂ ಸಿಕ್ವೇರಾ, ಅಡುಗೆಯವರೂ ಅವರೇ. ದ್ವೀಪದ ಬಳಿ ಆಳ ಕಡಿಮೆ, ಸ್ಟೆಲ್ಲಾ ದಡಕ್ಕೆ ಹೋಗಲಾರಳು. ಅದಕ್ಕೆ ನಾನು.

ಉಣ್ಣುವುದು, ಮಲಗುವುದು, ಹಾಡುವುದು ಎಲ್ಲ ಅವಳ ಮೇಲೆ. ನನಗೆ ಸಿಕ್ಕಿದ್ದು ಅಂಗಾಲು. ಮರಳು ಮೆತ್ತಿದ ಪಾದಗಳು ಇಳಿಯುತ್ತಿದ್ದವು, ಹತ್ತುತ್ತಿದ್ದವು, ಆಮೇಲೆ ನನ್ನನ್ನು ಮರೆತುಬಿಡುತ್ತಿದ್ದವು. ಅವಳ ಫೋಟೋ ಸಾವಿರ ತೆಗೆದರು, ನನ್ನದು ಒಂದೂ ಇಲ್ಲ. ನನಗೆ ಒಂದು ಹೆಸರು ಕೂಡ ಇರಲಿಲ್ಲ; ಪಕ್ಕೆಯ ಮೇಲೆ 'ಸ್ಟೆಲ್ಲಾ' ಅಂತಲೇ ಬರೆದಿತ್ತು. ಹಿಂದಿ ಕೇಳಿದೆ, ಬಂಗಾಳಿ ಕೇಳಿದೆ, ಇಂಗ್ಲಿಷು ಕೇಳಿದೆ. ಕನ್ನಡ ಮಾತ್ರ ವರ್ಷಗಟ್ಟಲೆ ಇಲ್ಲ. ಬಿಚ್ಚಿ ಹೇಳುತ್ತೇನೆ, ನನಗೆ ಬಹಳ ಒಂಟಿಯೆನಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಜೆಟ್ಟಿಯ ಮೆಟ್ಟಿಲಿಳಿದು ಒಬ್ಬ ಮುದುಕಿ ಬಂದಳು. ಬಿಳಿ ಕೂದಲು, ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಅಂಗಿ. ನನ್ನ ಅಂಚನ್ನು ಕೈಯಲ್ಲಿ ಸವರಿ ತಟಕ್ಕನೆ ನಿಂತಳು.

"ಹ್ವಾಯ್, ಇದ್ ನಮ್ಮ ಗಂಗೊಳ್ಳಿ ಬದಿ ದೋಣಿ ಅಲ್ದಾ!"

"ಹೌದಮ್ಮ, ಅಲ್ಲಿಂದಲೇ ತಂದದ್ದು," ಅಂದರು ಕ್ಯಾಪ್ಟನ್.

ಅಯ್ಯೋ, ಆ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ದೋಣಿಗೆ ಎಲ್ಲಿಯ ಕಿವಿ ಅಂತ ಕೇಳಬೇಡಿ. ಅಂದು ನನ್ನ ಮೈಯೆಲ್ಲ ಕಿವಿಯಾಗಿತ್ತು.

ಅವಳ ಹೆಸರು ದಾರಮ್ಮ. ಬಂದರಿನಲ್ಲಿ ಮೀನು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಅವಳೊಂದಿಗೆ ಅವರಿಬ್ಬರೂ ಬಂದಿದ್ದರು. ದೊಡ್ಡವಳು ವನಜ, ಕುಂದಾಪುರದಲ್ಲಿ ಗಂಡನ ಜೊತೆ ಹೋಟೆಲು ನಡೆಸುವವಳು. ಚಿಕ್ಕವಳು ಬೇಬಿ, ಐವತ್ತು ದಾಟಿದರೂ ಬೇಬಿಯೇ. ಅವಳು ಗಂಗೊಳ್ಳಿಯಲ್ಲಿದ್ದಳು, ದಾರಮ್ಮ ಇದ್ದದ್ದು ಅವಳ ಜೊತೆ. ಇಬ್ಬರು ಅಳಿಯಂದಿರು, ವನಜಳ ಮಗಳು ಅಶ್ವಿತಾ, ಅಶ್ವಿತಾಳ ಕಂಕುಳಲ್ಲೊಂದು ಕೂಸು. ನಾಲ್ಕು ತಲೆಮಾರು ಒಂದೇ ದೋಣಿಗೆ!

ಆದರೆ ವನಜ ಕೂತ ಸರದಿಯಲ್ಲಿ ಬೇಬಿ ಕೂರಲಿಲ್ಲ. ಹೇಗೂ ಎರಡು ಸರದಿ ಬೇಕಿತ್ತು, ಆದರೂ ಜಾಗವಿದ್ದಲ್ಲಿ ಕೂರದೆ ಅವಳು ಎರಡನೆಯದಕ್ಕೆ ಕಾದಳು. ಏನೋ ಇದೆ ಅಂದುಕೊಂಡೆ.

ಇತ್ತು. ಸ್ಟೆಲ್ಲಾಳ ಮೇಲೆ ಊಟಕ್ಕೆ ಕೂತಾಗ ಕೇಳಿಸಿತು.

"ಅಬ್ಬೀ, ಸಾರಿಗೆ ಉಪ್ಪ್ ಹೆಚ್ಚಾಯ್ತ್ ಅಂದ್ ಅವ್ಳಿಗೆ ಹೇಳ್," ಅಂದಳು ಬೇಬಿ.

"ಅಬ್ಬೀ, ಬೇಡ್ದಿದ್ರೆ ಬಿಡ್ ಅಂದ್ ಹೇಳ್," ಅಂದಳು ವನಜ.

ಇಬ್ಬರ ನಡುವೆ ಒಂದು ಮೊಳ ಜಾಗ. ಮಾತು ಮಾತ್ರ ತಾಯಿಯನ್ನು ಸುತ್ತಿಕೊಂಡು ಹೋಗಬೇಕು. ಏಳು ವರ್ಷದಿಂದ ಹೀಗೇ ಅಂತೆ. ಕಾರಣವನ್ನು ಅಶ್ವಿತಾ ಕ್ಯಾಪ್ಟನ್ನರಿಗೆ ಹೇಳಿದ್ದು ನನ್ನ ಮೇಲೆ ಕೂತೇ, ಕುಡಿಯುವ ನೀರು ತರಲು ದಡಕ್ಕೆ ಹೋಗುವಾಗ.

ವನಜ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಮನೆ ಒಕ್ಕಲಿಗೆ, ಮನೆಮನೆಗೆ ಹೋಗಿ ಬಾಯಿಬಿಟ್ಟು ಹೇಳಿಕೆ ಮಾಡಬೇಕು. ಬರೀ ಕಾಗದ ಕಳಿಸಿದರೆ ಕರೆದಂತಲ್ಲ. ವನಜ ಊರಿಗೆಲ್ಲ ಹೋಗಿ ಹೇಳಿದಳು. ಹೊಳೆಯಾಚೆಯ ತಂಗಿಗೆ ಮಾತ್ರ ಹೇಳಲಿಲ್ಲ. ಒಡಹುಟ್ಟಿದವಳಿಗೆ ಹೇಳಿಕೆ ಮಾಡಿದರೆ ಅವಳನ್ನು ನೆಂಟರ ಸಾಲಿಗೆ ಸೇರಿಸಿದಂತಾಯಿತಲ್ಲ, ತನ್ನ ಮನೆಗೆ ತಾನೇ ಬರುತ್ತಾಳೆ ಅಂತ ಅವಳ ಎಣಿಕೆ. ಊರಿಗೆಲ್ಲ ಹೇಳಿದವಳು ತನಗೊಂದು ಮಾತು ಹೇಳಲು ಬರುತ್ತಾಳೆ ಅಂತ ಬೇಬಿಯ ಎಣಿಕೆ. ಅಕ್ಕ ಹೊಳೆ ದಾಟಲಿಲ್ಲ, ತಂಗಿಯೂ ದಾಟಲಿಲ್ಲ. ಇಬ್ಬರದೂ ಸರಿ. ಅದೇ ತಾಪತ್ರಯ! ಒಬ್ಬಳದು ತಪ್ಪಾಗಿದ್ದರೆ ಎಂದೋ ಮುಗಿಯುತ್ತಿತ್ತು.

ಈ ಪ್ರವಾಸ ದಾರಮ್ಮನದೇ ಹಟವಂತೆ. "ನಾ ಸಾಯುಕ್ ಮುಂಚೆ ಅವೆರಡೂ ಒಂದ್ ಮಾತಾಡ್ಕ್," ಅಂದಿದ್ದಳಂತೆ ಮೊಮ್ಮಗಳ ಹತ್ತಿರ. "ಮನೇಲಿ ಆರೆ ಎದ್ದ್ ಹೋತ್ರ್. ದೋಣಿ ಮೇಲಿಂದ ಎದ್ದ್ ಎಲ್ಲಿಗ್ ಹೋತ್ರ್?"

ಪಾಪ, ಸ್ಟೆಲ್ಲಾ ಎಷ್ಟು ದೊಡ್ಡವಳು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ವನಜ ಮುಂದಿನ ತುದಿಯಲ್ಲಿ, ಬೇಬಿ ಹಿಂದಿನ ತುದಿಯಲ್ಲಿ. ಹಸಿರು ನೀರು, ಬಿಳಿ ಮರಳು, ಜಿಗಿಯುವ ಮೀನು ಎಲ್ಲವೂ ಬಂದು ಹೋದವು. ಯಾವುದನ್ನೂ ಇಬ್ಬರೂ ಒಟ್ಟಿಗೆ ನೋಡಲಿಲ್ಲ. ದಾರಮ್ಮ ನಡುವೆ ಕೂತು ಅಲ್ಲಿಗೂ ಇಲ್ಲಿಗೂ ಮಾತು ಸಾಗಿಸಿ ಸಾಗಿಸಿ ದಣಿದಳು. ಮೂರನೆಯ ದಿನ ಅವಳ ಕಣ್ಣು ಹಿಂದೆ ತೇಲುತ್ತಿದ್ದ ನನ್ನ ಮೇಲೆ ಬಿತ್ತು.

ಒಂದು ದ್ವೀಪದ ಮುಂದೆ ಲಂಗರು ಹಾಕಿತ್ತು. ಊಟ ಮುಗಿದಿತ್ತು. ದಾರಮ್ಮ ಹೇಳಿದಳು, "ನಂಗೆ ಆ ಮರಳ್ ಮೇಲ್ ಕಾಲಿಡ್ಕ್. ಇಬ್ರೂ ಕರ್ಕಂಡ್ ಹೋಯ್ನಿ. ಒಬ್ರ್ ಬಂದ್ರೆ ನಾ ಬಪ್ಪುದಿಲ್ಲೆ."

ಎಂಬತ್ತರ ತಾಯಿ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಇಬ್ಬರೂ ಮುಖ ಊದಿಸಿಕೊಂಡು ತಾಯಿಯ ಜೊತೆ ನನ್ನೊಳಗೆ ಇಳಿದರು. ಹುಟ್ಟು ಹಾಕುವವರು ಕ್ಯಾಪ್ಟನ್, ಅವರು ಟೋಪಿ ತರಲು ಒಳಗೆ ಹೋಗಿದ್ದರು. ಅಷ್ಟರಲ್ಲಿ ದಾರಮ್ಮ ಹಿಂದಿನ ಹಲಗೆಯಿಂದ ಬಾಗಿ ನನ್ನ ಹಗ್ಗ ಬಿಚ್ಚಿದಳು. ನೌಕಾಪಡೆಯ ಗಂಟು ಅದು! ಬಲೆ ನೇಯ್ದ ಬೆರಳಿಗೆ ಅದೆಲ್ಲ ಯಾವ ಲೆಕ್ಕ? ಹಗ್ಗವನ್ನು ನೀರಿಗೆ ಬಿಟ್ಟು, ಕೈಕಟ್ಟಿ ಕೂತುಬಿಟ್ಟಳು.

ನಾನು ತೇಲಿದೆ. ಯಾರೂ ಎಳೆಯದೆ, ಯಾರನ್ನೂ ಹಿಂಬಾಲಿಸದೆ ತೇಲುವುದು ಹೇಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.

"ಅಬ್ಬೀ, ಎಂತ ಮಾಡ್ದೆ ನೀನ್!" ಇಬ್ಬರೂ ಒಟ್ಟಿಗೆ ಕಿರುಚಿದರು.

"ಹುಟ್ಟ್ ಎರಡಿತ್ತ್, ನೀವ್ ಇಬ್ರಿದ್ರಿ. ಕರ್ಕಂಡ್ ಹೋಯ್ನಿ," ಅಂದಳು ದಾರಮ್ಮ.

ಬೇರೆ ದಾರಿಯಿಲ್ಲದೆ ಪಕ್ಕಪಕ್ಕ ಕೂತು ಒಂದೊಂದು ಹುಟ್ಟು ಹಿಡಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆ ಕೇಳಿದ್ದೀರಲ್ಲ, ಅವತ್ತು ನಾನು ಅದನ್ನು ಅನುಭವಿಸಿದೆ. ವನಜಳದು ಹೋಟೆಲಿನ ಹಂಡೆ ಎತ್ತಿದ ತೋಳು, ಬೇಬಿಯದು ಸಿಟ್ಟಿನ ತೋಳು. ಒಬ್ಬಳು ಎಳೆದಾಗ ಇನ್ನೊಬ್ಬಳು ಎಳೆಯಳು. ನಾನು ಇದ್ದಲ್ಲೇ ಗಿರಗಿರ ತಿರುಗಿದೆ.

ತಮಾಷೆ ಅಷ್ಟಕ್ಕೇ ನಿಲ್ಲಲಿಲ್ಲ. ಇಳಿತದ ನೀರು ಹೊರಗೆ ಎಳೆಯತೊಡಗಿತ್ತು. ಸ್ವಲ್ಪ ಆಚೆ ಬಂಡೆಸಾಲು, ಅದರ ಮೇಲೆ ಬಿಳಿಯ ನೊರೆ. ಹಲಗೆಯಡಿ ಆ ಸೆಳೆತ ಮೊದಲು ತಿಳಿದದ್ದು ನನಗೆ. ಆಮೇಲೆ ದಾರಮ್ಮನಿಗೆ. ಮಕ್ಕಳನ್ನು ಒಂದು ಮಾಡಲು ಹೋಗಿ ಇಬ್ಬರನ್ನೂ ಕಳೆದುಕೊಳ್ಳುತ್ತೇನಾ ಅಂತ ಅವಳು ನನ್ನ ಅಂಚನ್ನು ಬಿಗಿಯಾಗಿ ಹಿಡಿದಳು. ಸ್ಟೆಲ್ಲಾಳ ಮೇಲಿಂದ ಅಳಿಯಂದಿರು ಕೂಗುತ್ತಿದ್ದರು, ಕ್ಯಾಪ್ಟನ್ ಅಂಗಿ ಬಿಚ್ಚಿ ನೀರಿಗೆ ಹಾರಿದ್ದರು. ಆದರೆ ಅವರು ಇನ್ನೂ ದೂರ.

"ಬೇಬೀ, ಎಳಿ ಮಾರಾಯ್ತಿ! ಎಂತ, ಹಪ್ಪಳ ಒತ್ತುದಾ ನೀನ್?"

ಏಳು ವರ್ಷದ ಮೇಲೆ ಅಕ್ಕ ತಂಗಿಗೆ ನೇರ ಆಡಿದ ಮೊದಲ ಮಾತು ಇದು.

"ಯಾವತ್ತೂ ನಿಂದೇ ಜೋರ್!" ಬೇಬಿ ಸರಕ್ಕನೆ ಎಳೆದಳು. "ಹೊಳಿ ದಾಟಿ ಬಪ್ಪುಕೆ ಕಾಲ್ ನೋಯ್ತಿತ್ತಾ ನಿಂಗೆ?"

"ಅಕ್ಕನ ಮನಿಗ್ ಬಪ್ಪುಕೆ ಹೇಳ್ಕಿ ಬೇಕಾ?" ವನಜ ಎಳೆದಳು. "ಅಷ್ಟ್ ದೂರದವ್ಳಾ ನೀನ್?"

"ದೂರ ಮಾಡದ್ದ್ ಯಾರ್?"

"ಬಾರ್ದಿದ್ದವ್ಳ್ ಯಾರ್?"

ಒಂದೊಂದು ಬೈಗುಳಕ್ಕೆ ಒಂದೊಂದು ಎಳೆತ. ಬರುಬರುತ್ತ ಇಬ್ಬರೂ ಒಟ್ಟಿಗೇ ಬೈಯತೊಡಗಿದರು, ಒಟ್ಟಿಗೇ ಎಳೆಯತೊಡಗಿದರು. ನನ್ನ ಮೂತಿ ನೆಟ್ಟಗಾಯಿತು. ಜಗಳದ ಬಲದಿಂದ ನಡೆದ ದೋಣಿ ನಾನೊಬ್ಬಳೇ ಇರಬೇಕು! ಸೆಳೆತ ಹಿಂದೆ ಉಳಿಯಿತು, ನೊರೆಯ ಸದ್ದು ಸಣ್ಣದಾಯಿತು. ಕ್ಯಾಪ್ಟನ್ ಈಜಿ ಬಂದು ನನ್ನ ಪಕ್ಕೆ ಹಿಡಿದಾಗ ಅಪಾಯ ಕಳೆದಿತ್ತು.

ಆಗ ಬೇಬಿಯ ದನಿ ಒಡೆಯಿತು. "ಸೀರಿ ಉಟ್ಕಂಡ್ ಕೂತಿದ್ದೆ ಅಕ್ಕ. ಈಗ ಬತ್ತ್ಳ್, ಈಗ ಬತ್ತ್ಳ್ ಅಂದೇಳಿ ಕೂತಿದ್ದೆ."

"ನಾ ನಿಂಗಾಯಿ ಬಾಗ್ಲಲ್ ನಿಂತಿದ್ದೆ," ಅಂದಳು ವನಜ. "ಹಾಲ್ ಉಕ್ಕುದ್ ಕಾಂಬುಕೂ ಒಳಗೆ ಹೋಯ್ಲಿಲ್ಲೆ."

ಸ್ಟೆಲ್ಲಾಳ ಏಣಿ ಸಿಕ್ಕಿತು. ವನಜ ಒಂದು ಮೆಟ್ಟಿಲು ಹತ್ತಿದವಳು ಹೊರಳಿ, ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯನ್ನು ಎದೆಗೆ ತಂದು, ಹೊಸಿಲ ಮುಂದೆ ನಿಂತವಳ ಹಾಗೆ ಹೇಳಿದಳು: "ಬೇಬೀ, ನಮ್ಮನಿ ಒಕ್ಕಲಿತ್ತ್. ಗಂಡ-ಮಕ್ಳನ್ನ ಕರ್ಕಂಡ್ ಬರ್ಕ್. ಹಿಂದಿನ್ ದಿನವೇ ಬರ್ಕ್."

"ಆಯ್ತಕ್ಕ, ಬತ್ತೆ," ಅಂದಳು ಬೇಬಿ, ಮೂಗು ಒರೆಸಿಕೊಳ್ಳುತ್ತ.

ಮೇಲಿದ್ದವರು ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಅಕ್ಕ ತಂಗಿಯ ಕೈಹಿಡಿದು ಮೇಲೆಳೆದುಕೊಂಡಳು. ಇಬ್ಬರೂ ಅಪ್ಪಿಕೊಂಡು, ಮಾತಾಡುತ್ತ ಮಾತಾಡುತ್ತ ಮುಂದಿನ ತುದಿಗೆ ಹೋಗಿಬಿಟ್ಟರು. ಎಲ್ಲರೂ ಅವರ ಹಿಂದೆ ಹೋದರು.

ದಾರಮ್ಮ ನನ್ನ ಮೇಲೇ ಕೂತಿದ್ದಳು. ಅವಳನ್ನು ಹತ್ತಿಸಲು ಯಾರಿಗೂ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಅಶ್ವಿತಾ ಇಣುಕಿ, "ಅಯ್ಯೋ ಅಮ್ಮಮ್ಮ, ಬನ್ನಿ," ಅಂತ ಕೈ ಚಾಚಿದಳು.

"ಇರ್ಲಿ ಮಗಾ. ಇಲ್ಲೇ ಸ್ವಲ್ಪ ಕೂಕಂತೆ," ಅಂದಳು ಅವಳು.

ಮೇಲಿನಿಂದ ಇಬ್ಬರ ನಗು ಕೇಳುತ್ತಿತ್ತು. ಏಳು ವರ್ಷದ ಬಾಕಿ ಮಾತು, ಮುಗಿಯುವ ಹಾಗೆಯೇ ಇರಲಿಲ್ಲ. ದಾರಮ್ಮನ ಮುಖದಲ್ಲಿ ಸಂತೋಷವಿತ್ತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಬಿಸಿಲು ತಗ್ಗುತ್ತ ಬಂದಂತೆ ಅವಳು ನನ್ನ ಹಲಗೆಯನ್ನು ಬೆರಳಿನಿಂದ ಕೆರೆಯುತ್ತ ಮೆಲ್ಲಗೆ ಮಾತಾಡಿದಳು. ಸುತ್ತ ಯಾರೂ ಇರಲಿಲ್ಲ. ನನ್ನ ಹತ್ತಿರವೇ ಮಾತಾಡಿದ್ದು.

"ಸಂಜೆ ಆಯ್ತಂದ್ರೆ ದೊಡ್ಡವ್ಳ್ ಫೋನ್ ಮಾಡ್ತಿದ್ಲ್. ಬೇಬಿ ಎಂತ ಅಂದ್ಲ್ ಅಂದ್ ಕೇಂತಿದ್ಲ್. ಫೋನ್ ಇಟ್ಟದ್ದೇ ಇವ್ಳ್ ಬಂದ್ ಬದಿಯಲ್ ಕೂಕಂತಿದ್ಲ್. ಅಕ್ಕ ಎಂತ ಅಂದ್ಲ್ ಅಂದ್ ಕೇಂತಿದ್ಲ್." ನನ್ನ ಅಂಚಿನ ಉಪ್ಪನ್ನು ಸೆರಗಿನಿಂದ ಒರೆಸಿದಳು. "ಇಬ್ರಿಗೂ ನನ್ನ ಬಾಯ್ ಬೇಕಿತ್ತ್. ಇನ್ ಯಾರಿಗ್ ಬೇಕ್?"

ನನಗೆ ಏನಾದರೂ ಹೇಳಬೇಕೆನಿಸಿತು. ಬಾಯಿಯಿಲ್ಲದ ಜನ್ಮ. ಅವಳ ಭಾರ ಹೊತ್ತುಕೊಂಡು ಅಲುಗಾಡದೆ ನಿಂತೆ, ನನ್ನಿಂದಾದದ್ದು ಅಷ್ಟೇ.

ಮರುದಿನ ಜೆಟ್ಟಿಗೆ ನಾನೇ ತಲುಪಿಸಿದೆ. ಅಕ್ಕ ತಂಗಿ ಒಂದೇ ಸರದಿಯಲ್ಲಿ, ಒಂದೇ ಹಲಗೆಯಲ್ಲಿ ಕೂತು, ಯಾರ ಮನೆಯಲ್ಲಿ ಮೊದಲ ಊಟ ಅಂತ ಚರ್ಚೆ ಮಾಡುತ್ತಿದ್ದರು. ಇಳಿದವರು ಹಾಗೇ ನಡೆದರು. ದಾರಮ್ಮನನ್ನು ಕೊನೆಗೆ ಕ್ಯಾಪ್ಟನ್ ಕೈಹಿಡಿದು ಇಳಿಸಿದರು. ಮೆಟ್ಟಿಲ ಮೇಲೆ ನಿಂತು ಅವಳು ಹಿಂದಿರುಗಿ, "ಬತ್ತೆ," ಅಂದಳು. ತಮಗೇ ಹೇಳಿದ್ದು ಅಂದುಕೊಂಡು ಕ್ಯಾಪ್ಟನ್ ತಲೆಯಾಡಿಸಿದರು. ಅವಳು ಹೇಳಿದ್ದು ನನಗೆ.

ಆಮೇಲೆ ಎಷ್ಟೋ ಕುಟುಂಬಗಳು ಬಂದವು, ಹೋದವು. ಕ್ಯಾಪ್ಟನ್ನರು ಗಾಳಿ ತುಂಬುವ ರಬ್ಬರಿನ ದೋಣಿ ತಂದರು, ಅದಕ್ಕೊಂದು ಎಂಜಿನ್ನು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ತೋಳು ನೋಯುತ್ತಿತ್ತು. ಈಗ ನಾನು ಜೆಟ್ಟಿಯ ಹಿಂದೆ, ಕೇದಗೆಯ ಪೊದೆಯ ಬಳಿ ಬೋರಲು ಬಿದ್ದಿದ್ದೇನೆ. ಹೊಟ್ಟೆಯಡಿ ಏಡಿಗಳು ಸಂಸಾರ ಹೂಡಿವೆ. ಹಲಗೆ ಬಿರಿದಿದೆ, ಮೀನೆಣ್ಣೆಯ ವಾಸನೆ ನನಗೇ ಮರೆತಿದೆ. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ಸೇರಿಸಿದವಳು ನಾನು. ಸೇರಿದವರು ದೋಣಿಯಲ್ಲಿ ಕೂತಿರುವುದಿಲ್ಲ, ಎದ್ದು ಹೋಗುತ್ತಾರೆ. ಹೋಗಬೇಕು ಕೂಡ. ಕೂತೇ ಇದ್ದರೆ ದಾಟಿಸಿದ್ದಾದರೂ ಏತಕ್ಕೆ?

ಆದರೂ ಸಂಜೆಯಾದರೆ ಜೀವ ಚಡಪಡಿಸುತ್ತದೆ. ಕುಂದಾಪುರದಲ್ಲಿ ಅಕ್ಕ, ಗಂಗೊಳ್ಳಿಯಲ್ಲಿ ತಂಗಿ, ಫೋನು ಹಿಡಿದು ಗಂಟೆಗಟ್ಟಲೆ ಮಾತಾಡುತ್ತಿರಬಹುದು. ಮಾತಾಡಲಿ, ಅದಕ್ಕಾಗಿ ತಾನೇ ಹಗ್ಗ ಬಿಚ್ಚಿದ್ದು. ಮಾತು ಮುಗಿಸಿ ಫೋನಿಟ್ಟ ಮೇಲೆ ಅವರಲ್ಲೊಬ್ಬಳಾದರೂ ಮುದುಕಿಯ ಬದಿಗೆ ಬಂದು, ಏನೂ ಕೆಲಸವಿಲ್ಲದೆ, ಸುಮ್ಮನೆ ಕೂತಳೋ ಇಲ್ಲವೋ, ಅದೊಂದು ನನಗೆ ಗೊತ್ತಾಗಲೇ ಇಲ್ಲ.